ಅರ್ಧ ರಸ್ತೆಯ ನಕ್ಷೆ

ನನಗೆ ಗಾಡಿ ಓಡಿಸಲು ಬರುವುದಿಲ್ಲ. ಸೈಕಲ್ ಬರುತ್ತದೆ. ಅದರಲ್ಲೂ ಎದುರಿಗೆ ಲಾರಿ ಕಂಡರೆ ಇಳಿದು, ಅದು ಹೋಗುವ ತನಕ ಬೇಲಿಗೆ ಒರಗಿ ನಿಲ್ಲುತ್ತೇನೆ. ಇಂಥ ನಾನು ಇಪ್ಪತ್ತಾರು ವರ್ಷ ಪೊಲೀಸ್ ಠಾಣೆಗಳಲ್ಲಿ ಕೂತು, ಯಾವ ಗಾಡಿ ಎಷ್ಟು ವೇಗದಲ್ಲಿತ್ತು, ಯಾರ ತಪ್ಪಿನಿಂದ ಯಾರು ಸತ್ತರು ಎಂದು ಬರೆದೆ. ಈ ಕೆಲಸ ಮಾಡುವವನಿಗೆ ಠಾಣೆಯಲ್ಲಿ ರೈಟರ್ ಅನ್ನುತ್ತಾರೆ. ದೂರು ಬರೆಯುವವನು ಅವನು, ಪಂಚನಾಮೆ ಬರೆಯುವವನು ಅವನು, ಅಪಘಾತವಾದ ಜಾಗದ ನಕ್ಷೆ ಎಳೆಯುವವನೂ ಅವನೇ. ಸಹಿ ಮಾತ್ರ ಸಾಹೇಬರದು.

ಯಾದಗಿರಿ, ಶಹಾಪುರ, ಸುರಪುರ, ಈ ಮೂರೂರುಗಳ ನಡುವೆಯೇ ನನ್ನ ಸರ್ವಿಸು ಕಳೆಯಿತು. ಐವತ್ತೆರಡಕ್ಕೆ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಸಕ್ಕರೆ ಕಾಯಿಲೆ, ಮೇಲೆ ಬಿಪಿ. "ಚಿಂತಿ ಮಾಡದು ಬಿಡ್ರಿ" ಎಂದರು ಡಾಕ್ಟರು. ಬಿಡುವುದು ಹೇಗೆ ಎಂಬ ಚಿಂತೆ ಅವತ್ತಿನಿಂದ ಶುರುವಾಗಿದೆ. ಹೊಸದಾಗಿ ರೈಟರ್ ಕುರ್ಚಿಗೆ ಬರುವ ಹುಡುಗ ಹುಡುಗಿಯರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಬಡ್ತಿಗಳ ವಿಷಯ ಬಿಟ್ಟಿದ್ದೇನೆ. ಬಿಡುವಷ್ಟು ಬಡ್ತಿಗಳೂ ಇರಲಿಲ್ಲ.

ನನಗೆ ಕೆಲಸ ಕಲಿಸಿದವರು ಬಸಣ್ಣ ದಫೇದಾರರು. ನಾನು ಸೇರಿದ ಠಾಣೆಯ ಹಳೆಯ ರೈಟರ್. ಮೊದಲ ವಾರವೇ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು ಹೇಳಿದರು: "ನೋಡು ತಮ್ಮಾ, ಎಕ್ಸಿಡೆಂಟ್ ಕೇಸಿನಾಗ ತಲಿ ಓಡಸಬ್ಯಾಡ. ಎರಡು ಗಾಡಿ ಬಡದ್ರ ದೊಡ್ಡ ಗಾಡೀದು ತಪ್ಪು. ಎರಡೂ ಒಂದೇ ಅಳತಿ ಇದ್ರ ಜೀವಂತ ಇದ್ದಾಂವಂದು ತಪ್ಪು."

"ಸತ್ತಾಂವಂದೇ ತಪ್ಪಿದ್ರ, ದಫೇದಾರ್ರ?"

"ಸತ್ತಾಂವಗ ಸಮನ್ಸ್ ಯಾರು ಒಯ್ದು ಕೊಡಬೇಕು? ನೀ ಹೋಗ್ತಿಯೇನು?"

ಇನ್ನೊಂದು ಪಾಠ, ಒಂದು ವಾಕ್ಯ. "ಸದರಿ ಚಾಲಕನು ತನ್ನ ವಾಹನವನ್ನು ಅತಿವೇಗ ಹಾಗೂ ನಿಷ್ಕಾಳಜಿತನದಿಂದ ನಡೆಸಿಕೊಂಡು ಬಂದು." ದೂರು ಕೊಡಲು ಬಂದವರು ಅಪಘಾತವನ್ನು ಕಂಡಿರುವುದೇ ಅಪರೂಪ. ಯಾರೋ ಫೋನ್ ಮಾಡಿರುತ್ತಾರೆ, ಓಡಿಬಂದಿರುತ್ತಾರೆ, ಅತ್ತು ದನಿ ಹೋಗಿರುತ್ತದೆ. "ಹೆಂಗಾತು?" ಎಂದರೆ "ಗೊತ್ತಿಲ್ರಿ" ಅನ್ನುತ್ತಾರೆ. ನಾವು ಈ ವಾಕ್ಯ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತೇವೆ. ಓದಿ ಹೇಳುವಾಗ ಕೆಲವರು ತಲೆಯಾಡಿಸುತ್ತಾರೆ. ತಮಗೆ ಗೊತ್ತಿಲ್ಲದ್ದು ಸರಕಾರಕ್ಕೆ ಗೊತ್ತಿದೆಯಲ್ಲ ಎಂಬ ಸಮಾಧಾನ.

ಈ ವಾಕ್ಯ ನನ್ನ ಕೈಗೆ ಎಷ್ಟು ಹತ್ತಿತ್ತೆಂದರೆ, ಒಮ್ಮೆ ದೋರನಹಳ್ಳಿ ದಾಟಿದ ಮೇಲೆ ಹತ್ತಿ ತುಂಬಿದ ಟ್ರ್ಯಾಕ್ಟರೊಂದು ಟೈರು ಒಡೆದು ರಸ್ತೆಯ ಮೇಲೆ ನಿಂತಿತ್ತು. ಹಿಂದೆ ಕೆಂಪು ದೀಪವಿಲ್ಲ, ಗುರುತಿಗೆ ಒಂದು ಟೊಂಗೆಯೂ ಇಟ್ಟಿರಲಿಲ್ಲ. ಕತ್ತಲಾಗುವ ಹೊತ್ತಿಗೆ ಬೈಕಿನ ಮೇಲೆ ಬಂದ ಗಂಡ ಹೆಂಡತಿ ಅದಕ್ಕೆ ಬಡಿದು ಸತ್ತರು. ನಾನು ಬರೆದೆ: "ಸದರಿ ಚಾಲಕನು ತನ್ನ ಟ್ರ್ಯಾಕ್ಟರನ್ನು ಅತಿವೇಗ ಹಾಗೂ ನಿಷ್ಕಾಳಜಿತನದಿಂದ ನಿಲ್ಲಿಸಿ."

ಕೋರ್ಟಿನಲ್ಲಿ ನ್ಯಾಯಾಧೀಶರು ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು, "ಅತಿವೇಗದಿಂದ ನಿಲ್ಲಿಸೋದು ಹೇಗೆ? ಸ್ವಲ್ಪ ನಿಂತು ತೋರಿಸಿ" ಎಂದರು. ನಾನು ಆಗಲೇ ನಿಂತಿದ್ದೆ. ವಕೀಲರೆಲ್ಲ ನಕ್ಕರು. ನನಗೂ ನಗು ಬಂತು. ಆಮೇಲೆ ತೀರ್ಪಿನಲ್ಲಿ ಟ್ರ್ಯಾಕ್ಟರಿನವನು ಬಿಡುಗಡೆಯಾದ. ಹೊರಗೆ ಬೇವಿನ ಮರದ ಕೆಳಗೆ ಸತ್ತವಳ ತಾಯಿ ಕೂತಿದ್ದಳು. "ಏನಾತ್ರಿ?" ಎಂದು ಕೇಳಿದಳು. ಏನಾಯಿತೆಂದು ಹೇಳಲು ನನ್ನ ಬಳಿ ಸಿದ್ಧ ವಾಕ್ಯ ಇರಲಿಲ್ಲ. ನೀರು ಕುಡಿದು ಬರುತ್ತೇನೆಂದು ಹೇಳಿ ಹಿಂದಿನ ಗೇಟಿನಿಂದ ಹೋದೆ.

ಇದು ಅಜ್ಞಾನದ ತಪ್ಪು. ಈಗ ಹೇಳಲಿರುವುದು ತಿಳಿದೂ ಮಾಡಿದ್ದು.

ಕೆಲವು ವರ್ಷಗಳ ಹಿಂದೆ, ಭತ್ತದ ಕೊಯ್ಲಿನ ದಿನಗಳು. ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಭತ್ತ ಬಹಳ. ನಮ್ಮವರ ಬಾಯಲ್ಲಿ ಅದು ನೆಲ್ಲು. ಒಣಗಿಸಲು ಕಣ ಎಲ್ಲರಿಗೂ ಇಲ್ಲ, ಡಾಂಬರು ರಸ್ತೆ ಎಲ್ಲರಿಗೂ ಇದೆ. ಆದ್ದರಿಂದ ಕೊಯ್ಲು ಮುಗಿದ ತಿಂಗಳು ಊರೂರಿನ ಮುಂದೆ ಅರ್ಧ ರಸ್ತೆ ನೆಲ್ಲು, ಅರ್ಧ ರಸ್ತೆ ಸಂಚಾರ. ಗಾಡಿ ಹತ್ತದಂತೆ ನೆಲ್ಲಿನ ಅಂಚಿಗೆ ತಲೆಗಾತ್ರದ ಕಲ್ಲು ಸಾಲಾಗಿ ಇಡುತ್ತಾರೆ. ಇದು ತಪ್ಪೆಂದು ಎಲ್ಲರಿಗೂ ಗೊತ್ತು. ನಮ್ಮ ಜೀಪೂ ಕಲ್ಲಿನ ಸಾಲು ನೋಡಿ ಬಲಕ್ಕೆ ಸರಿದು ಹೋಗುತ್ತಿತ್ತು.

ಒಂದು ಮಧ್ಯಾಹ್ನ ಸಾಬಣ್ಣ ಎಂಬ ಟೆಂಪೋ ಡ್ರೈವರ್ ನಮ್ಮ ಠಾಣೆಗೆ ಓಡಿಬಂದ. ಅಂಗಿ ಹರಿದಿತ್ತು, ಕಿವಿಯಿಂದ ರಕ್ತ ಇಳಿಯುತ್ತಿತ್ತು. ಕೆಂಭಾವಿಯಿಂದ ಶಹಾಪುರಕ್ಕೆ ಗೊಬ್ಬರದ ಚೀಲ ಹೇರಿಕೊಂಡು ಬರುತ್ತಿದ್ದನಂತೆ. ಕಾಲುವೆ ಸೇತುವೆಯ ಆಚೆ ತಿರುವಿನಲ್ಲಿ ಎದುರಿನಿಂದ ಬಂದ ಬೈಕಿಗೆ ಬಡಿದಿದ್ದ. ಬೈಕಿನವನು ಅಲ್ಲೇ ಹೋಗಿದ್ದ. ಊರವರು ಇವನನ್ನು ಹಿಡಿದು ಹೊಡೆದಿದ್ದರು. ಹೊಲದೊಳಗೆ ಬಿದ್ದು ಓಡಿ, ಯಾರದೋ ಗಾಡಿ ಹತ್ತಿ ಬಂದಿದ್ದ. ನೀರು ಕೊಟ್ಟೆ. ಕುಡಿಯಲಿಲ್ಲ, ಹಿಡಿದುಕೊಂಡು ಕೂತ.

"ಸ್ಪೀಡ್ ಇದ್ದೆರಿ, ಸುಳ್ಳು ಹೇಳಂಗಿಲ್ಲ" ಎಂದ. "ಆದ್ರ ರೋಡ್ ಅರ್ಧ ಇತ್ತು. ನನ್ನ ಕಡೀದು ಪೂರಾ ನೆಲ್ಲು ಹಾಕ್ಯಾರ. ನಾ ಎಲ್ಲಿ ಹೋಗ್ಲಿ? ನಂದು ನನಗ ಬರೀರಿ, ರೋಡಿಂದು ರೋಡಿಗಿ ಬರೀರಿ. ಅಷ್ಟೇ ನಾ ಕೇಳದು."

ಬರೆಯುವ ಕೆಲಸದಲ್ಲಿ ನಾನು ಕೇಳಿದ ಅತ್ಯಂತ ನ್ಯಾಯವಾದ ಬೇಡಿಕೆ ಅದು. ಆಗಲಿ ಎಂದು ತಲೆಯಾಡಿಸಿದೆ. ಅವನನ್ನು ಕೂಡಿಸಿ, ಸಾಹೇಬರ ಜೊತೆ ಜೀಪಿನಲ್ಲಿ ಹೊರಟೆ.

ಹೋಗಿ ನೋಡಿದರೆ ರಸ್ತೆ ಖಾಲಿ. ಅಷ್ಟು ಸ್ವಚ್ಛ ರಸ್ತೆಯನ್ನು ಆ ತಿಂಗಳಲ್ಲಿ ನಾನು ಕಂಡಿರಲಿಲ್ಲ. ನೆಲ್ಲಿಲ್ಲ, ಕಲ್ಲಿಲ್ಲ, ಒಡೆದ ಗಾಜಿನ ಚೂರೂ ಇಲ್ಲ. ಟೆಂಪೋವನ್ನು ತಳ್ಳಿ ಬದಿಗೆ ಹಚ್ಚಿದ್ದರು. ಬೈಕನ್ನು ಎತ್ತಿ ಮರಕ್ಕೆ ಒರಗಿಸಿದ್ದರು. ಹೆಣದ ಮೇಲೆ ಚಾದರ ಹೊದಿಸಿತ್ತು. ಸತ್ತವನು ಭೀಮರಾಯ, ಅದೇ ಊರವನು. ಹೆಣದ ತಲೆಯ ಕಡೆ ಅವನ ಅಣ್ಣ ಮಾನಪ್ಪ ಕೂತಿದ್ದ. ಅಳುತ್ತಿರಲಿಲ್ಲ. ಅವನ ಧೋತರಕ್ಕೆ ಮೊಣಕಾಲಿನ ತನಕ ನೆಲ್ಲಿನ ಧೂಳು ಹತ್ತಿತ್ತು.

ಆ ಧೂಳು ನೋಡಿದಾಗಲೇ ನನಗೆ ಗೊತ್ತಾಯಿತು. ನೆಲ್ಲು ಅವನದು. ತಮ್ಮನ ಹೆಣ ರಸ್ತೆಯ ಮೇಲೆ ಬಿದ್ದಿರುವಾಗ, ಯಾರೋ ಬುದ್ಧಿವಂತರು "ಪೊಲೀಸ್ರು ನೋಡಿದ್ರ ಕೇಸ್ ನಿನ್ನ ಮ್ಯಾಲ ಬರ್ತದ" ಎಂದಿದ್ದಾರೆ. ಊರೆಲ್ಲ ಸೇರಿ ಗುಡಿಸಿ ಚೀಲಕ್ಕೆ ತುಂಬಿದ್ದಾರೆ. ಅವನೂ ತುಂಬಿದ್ದಾನೆ.

ಟೇಪು ಹಿಡಿದು ಅಳೆಯತೊಡಗಿದೆ. ಎಲ್ಲಿ ಬಡಿಯಿತೆಂದು ಪಂಚರಾಗಿ ನಿಂತ ಊರವರನ್ನು ಕೇಳಿದೆ. ಟೆಂಪೋ ಬಂದ ದಿಕ್ಕಿನಿಂದ ನೋಡಿದರೆ ರಸ್ತೆಯ ಬಲ ಅಂಚಿನ ಹತ್ತಿರ ಒಂದು ಜಾಗ ತೋರಿಸಿದರು. ಅಲ್ಲಿ ಗುರುತು ಹಾಕಿಕೊಂಡೆ. ಎದ್ದು ನಿಂತಾಗ ಬೂಟಿನ ಕೆಳಗೆ ಏನೋ ಕರಕರ ಎಂದಿತು. ಕಾಲೆತ್ತಿ ನೋಡಿದೆ. ಅಟ್ಟೆಯ ಗೆರೆಗಳ ತುಂಬ ನೆಲ್ಲು. ತಲೆಯೆತ್ತಿದೆ. ಮಾನಪ್ಪ ನನ್ನನ್ನೇ ನೋಡುತ್ತಿದ್ದ.

ಸಾಹೇಬರನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ನನ್ನ ಸರ್ವಿಸಿನಲ್ಲಿ ಕಂಡ ಒಳ್ಳೆಯ ಅಧಿಕಾರಿಗಳಲ್ಲಿ ಒಬ್ಬರು, ಅದೇ ಕಷ್ಟ.

"ಪಂಚನಾಮಾ ಅಂದ್ರೇನು? ಕಣ್ಣಿಗಿ ಕಂಡದ್ದು ಬರೆಯೋದು" ಎಂದರು. "ಈಗ ರೋಡಿನ ಮ್ಯಾಲ ನೆಲ್ಲು ಐತೇನು?"

"ಈಗ ಇಲ್ರಿ. ಆದ್ರ ಇತ್ತು."

"ಇತ್ತು ಅನ್ನೋದು ಪಂಚನಾಮೆದಾಗ ಬರಂಗಿಲ್ಲ." ಆಮೇಲೆ ದನಿ ತಗ್ಗಿಸಿದರು. "ಆ ಮನುಷ್ಯಾನ ನೋಡು. ತಮ್ಮನ ಹೆಣದ ಮುಂದ ಕುಂತಾನ. ಒಂದೇ ಮನಿಯಾಗ ಒಂದು ಹೆಣ, ಒಂದು ಕೇಸು, ಎರಡೂ ಕೊಡ್ತಿಯೇನು? ಸತ್ತಾಂವನ ಹೆಂಡ್ತಿ ಮಕ್ಕಳ ಪರಿಹಾರದ ದಾವೆನೂ ಗಡಬಡಿ ಆಗ್ತದ."

ಎರಡೂ ಮಾತು ಸರಿ. ನಿಯಮವೂ ಸರಿ, ಕರುಣೆಯೂ ಸರಿ. ಈ ಎರಡೂ ಒಂದೇ ಕಡೆ ಸೇರಿದಾಗ ಹೆದರಬೇಕು ಎಂದು ನನಗೆ ಆಗ ತಿಳಿದಿರಲಿಲ್ಲ. ಊರಿನ ಮಂದಿ ಸುತ್ತ ನಿಂತಿದ್ದರು ಎಂಬ ಹೆದರಿಕೆಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ನಕ್ಷೆಯಲ್ಲಿ ರಸ್ತೆ ಪೂರ್ತಿ ಬರೆದೆ. ಬಲ ಅಂಚಿಗೆ ಗುರುತು ಹಾಕಿ, ಟೆಂಪೋವನ್ನೂ ಅಲ್ಲೇ ಬರೆದೆ. ಖಾಲಿ ರಸ್ತೆಯಲ್ಲಿ ಟೆಂಪೋ ಕಾರಣವಿಲ್ಲದೆ ಬಲಕ್ಕೆ ಬಂದು ಒಬ್ಬನನ್ನು ಕೊಂದಂತೆ ನಕ್ಷೆ ತಾನಾಗಿ ಹೇಳುತ್ತಿತ್ತು. ದೂರು ಮಾನಪ್ಪನದೇ. ಸಿದ್ಧ ವಾಕ್ಯ ಬರೆದು ಓದಿ ಹೇಳಿದೆ. ಅವನು ತಲೆಯಾಡಿಸಲಿಲ್ಲ. ಹೆಬ್ಬೆಟ್ಟು ಮುಂದೆ ಮಾಡಿದ.

ಚಿಂತೆಯ ಮನುಷ್ಯನಾದ್ದರಿಂದ ನಾನು ಪಂಚನಾಮೆಯಲ್ಲಿ ಕಂಡ ವಸ್ತುಗಳನ್ನೆಲ್ಲ ಪಟ್ಟಿ ಮಾಡುತ್ತೇನೆ. ಅವತ್ತೂ ಮಾಡಿದೆ. ಒಂದು ಜೊತೆ ಚಪ್ಪಲಿ, ಒಂದು ಟವೆಲ್, ಬೈಕಿನ ಹಿಂದೆ ಹಗ್ಗದಿಂದ ಬಿಗಿದ ಖಾಲಿ ಗೋಣಿಚೀಲಗಳು. ಭೀಮರಾಯ ಆ ಚೀಲ ತರುತ್ತಿದ್ದುದೇ ಒಣಗಿದ ನೆಲ್ಲು ತುಂಬಲು. ಮನೆಗೆ ಬಂದ ಮೇಲೆ ಹೆಂಡತಿ ಬಾಗಿಲಲ್ಲಿ ಬೂಟು ಝಾಡಿಸಿ, "ಠಾಣ್ಯಾಗ ಒಕ್ಕಲುತನ ಸುರು ಮಾಡೀರೇನು? ಬೂಟಿನ ತುಂಬ ನೆಲ್ಲು" ಎಂದಳು. ಗುಬ್ಬಿಗಳು ಬಂದು ಅದನ್ನೂ ತಿಂದು ಹೋದವು. ಸಾಕ್ಷಿಯೇ ಇಲ್ಲದಂತಾಯಿತು.

ಠಾಣೆಗೆ ವಾಪಸ್ ಬಂದಾಗ ಸಾಬಣ್ಣ ಎದ್ದು ನಿಂತು ಕೇಳಿದ್ದ: "ಬರದ್ರೇನ್ರಿ, ಅರ್ಧ ರೋಡ್?"

"ಕೂಡು" ಎಂದೆ. ಅಷ್ಟಕ್ಕೆ ಅವನಿಗೆ ತಿಳಿಯಿತು.

ಎರಡು ವರ್ಷದ ಮೇಲೆ ಕೋರ್ಟಿಗೆ ಕರೆ ಬಂತು. ನಕ್ಷೆ ತಯಾರಿಸಿದವನೆಂದು ನನ್ನ ಹೆಸರೂ ಸಾಕ್ಷಿಗಳ ಪಟ್ಟಿಯಲ್ಲಿತ್ತು. ಸಾಬಣ್ಣನ ವಕೀಲರು ನನ್ನ ಪಂಚನಾಮೆಯನ್ನು ನನಗಿಂತ ಚೆನ್ನಾಗಿ ಓದಿದ್ದರು.

"ಮೋಟರ್‌ಸೈಕಲ್ ಮೇಲೆ ಖಾಲಿ ಚೀಲ ಇದ್ದವು ಅಂತ ಬರೆದೀರಿ. ಯಾತಕ್ಕ ಇದ್ದವು?"

"ಗೊತ್ತಿಲ್ರಿ."

"ರಸ್ತೆ ಮೇಲೆ ಭತ್ತ ಹರವಿದ್ದರು, ಅದನ್ನ ತುಂಬಾಕ ಚೀಲ ಬರ್ತಿದ್ದವು. ಹೌದಲ್ಲೋ?"

ಕಟಕಟೆಯಲ್ಲಿ ಸಾಬಣ್ಣ ನಿಂತಿದ್ದ. ನನ್ನ ಮುಖ ನೋಡುತ್ತಿರಲಿಲ್ಲ, ಬೂಟು ನೋಡುತ್ತಿದ್ದ. ಗೋಡೆಯ ಬದಿ ಮಾನಪ್ಪ ಕೂತಿದ್ದ.

"ನಾನು ಸ್ಥಳಕ್ಕೆ ಹೋದಾಗ ರಸ್ತೆಯ ಮೇಲೆ ಭತ್ತ ಇರಲಿಲ್ಲ" ಎಂದೆ.

ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ನನ್ನ ಸರ್ವಿಸಿನಲ್ಲಿ ಹೇಳಿದ ಅತಿ ದೊಡ್ಡ ಸುಳ್ಳು ಅದೇ. ಟೈಪು ಮಾಡುವ ಹೆಣ್ಣುಮಗಳು ಅದನ್ನು ಹಾಗೇ ಬರೆದುಕೊಂಡಳು. ಸಾಬಣ್ಣನಿಗೆ ಒಂದು ವರ್ಷ ಶಿಕ್ಷೆಯಾಯಿತು. ಯಾದಗಿರಿಯಲ್ಲಿ ಅಪೀಲು ಹಾಕಿ ಜಾಮೀನಿನ ಮೇಲೆ ಹೊರಗಿದ್ದ. ಲೈಸೆನ್ಸು ಹೋಯಿತು.

ಈಗ ಎಲ್ಲ ಬದಲಾಗಿದೆ. ಬಸಣ್ಣ ದಫೇದಾರರು ಹೆಜ್ಜೆಯಿಂದ ಅಳೆಯುತ್ತಿದ್ದರು, ನಾವು ಟೇಪಿನಿಂದ ಅಳೆದೆವು, ಈಗಿನವರು ಫೋನ್ ಎತ್ತಿದರೆ ಜಾಗ, ಹೊತ್ತು, ಚಿತ್ರ ಎಲ್ಲ ಅದರಲ್ಲೇ ಬೀಳುತ್ತವೆ. ನನಗೆ ಸಂತೋಷ. ಆದರೆ ಫೋನು ತೋರಿಸುವುದು ನೀವು ಹೋದ ಹೊತ್ತಿನ ರಸ್ತೆಯನ್ನು. ನೀವು ಹೋಗುವ ಮೊದಲು ಗುಡಿಸಿದ ರಸ್ತೆ ಅದಕ್ಕೆ ಕಾಣುವುದಿಲ್ಲ. ಅದಕ್ಕೆ ಬೂಟು ಎತ್ತಿ ನೋಡಬೇಕು. ನೋಡಿದ ಮೇಲೆ ಕೇಳಬೇಕು. ಎರಡನೆಯದು ನಾನು ಮಾಡಲಿಲ್ಲ.

ನಿವೃತ್ತಿಯಾದ ಮೇಲೆ, ಹೋದ ಕೊಯ್ಲಿನಲ್ಲಿ, ಕೆಂಭಾವಿಯ ಬೀಗರ ಮನೆಗೆ ಬಸ್ಸಿನಲ್ಲಿ ಹೊರಟಿದ್ದೆ. ಕಾಲುವೆ ಸೇತುವೆಯ ಹತ್ತಿರ ಬಸ್ಸು ನಿಂತಿತು. ಕಿಟಕಿಯಿಂದ ನೋಡಿದರೆ ತಿರುವಿನಲ್ಲಿ ಒಬ್ಬ ಕೋಲಿಗೆ ಕೆಂಪು ವಸ್ತ್ರ ಕಟ್ಟಿಕೊಂಡು ನಿಂತು, ಎದುರಿನ ಗಾಡಿ ಬಿಟ್ಟ ಮೇಲೆ ನಮ್ಮ ಬಸ್ಸಿಗೆ ಕೈ ಮಾಡಿದ. ರಸ್ತೆಯ ಅರ್ಧ ನೆಲ್ಲು. ಅವನು ಮಾನಪ್ಪ. ನಾನು ಇಳಿದೆ. ಯಾಕೆ ಇಳಿದೆನೆಂದು ಬಸ್ಸು ಹೋದ ಮೇಲೆ ಚಿಂತೆ ಮಾಡಿದೆ.

"ಆರಾಮ ಅದೀರೇನ್ರಿ ರೈಟರ್ ಸಾಹೇಬ್ರ?" ಎಂದ. ಗುರುತು ಮರೆತಿರಲಿಲ್ಲ.

"ನಿನ್ನ ನೆಲ್ಲೇನು ಮಾನಪ್ಪ?"

"ನಂದಲ್ರಿ. ನಾ ರೋಡಿಗಿ ಹಾಕದು ಬಿಟ್ಟೀನಿ. ಮಂದಿ ಬಿಟ್ಟಿಲ್ಲ. ಅದಕ್ಕ ನಿಂದ್ರತೀನಿ." ಒಂದು ಟ್ರ್ಯಾಕ್ಟರಿಗೆ ಕೈ ತೋರಿಸಿ ನಿಲ್ಲಿಸಿದ. "ಊರಾಗ ನನಗ ಸಿಗ್ನಲ್ ಮಾನಪ್ಪ ಅಂತಾರ. ನಗ್ತಾರ. ನಗ್ಲಿ ಬಿಡ್ರಿ."

ಎದುರಿನ ಗಾಡಿ ದಾಟಿದ ಮೇಲೆ ಟ್ರ್ಯಾಕ್ಟರನ್ನು ಬಿಟ್ಟ. ಅವನೇ ಅಂದ: "ಅವತ್ತ ನೀವು ಬೂಟು ಎತ್ತಿ ನೋಡಿದ್ರಿ. ಕೇಳ್ತೀರಿ ಅಂತ ಮಾಡಿದ್ದೆ. ಕೇಳಲಿಲ್ಲ."

"ಕೇಳಿದ್ರ ಹೇಳ್ತಿದ್ದೇನು, ಖರೇನ?"

"ಅವತ್ತ ಆಗಿದ್ರ ಹೇಳ್ತಿದ್ದೆ. ಮರುದಿನ ಆಗಿದ್ರ ಇಲ್ರಿ. ಮರುದಿನ ಮಂದಿ ಬಂದು ಧೈರ್ಯ ಹೇಳ್ಯಾರ, ನಿಂದೇನು ತಪ್ಪಿಲ್ಲ ಅಂತ. ಎಲ್ಲಾರೂ ಹೇಳಿದ್ರು. ನೀವೂ ಬರದು ಕೊಟ್ರಿ. ಮತ್ತ ನಾ ಯಾರ ಮುಂದ ಹೇಳ್ಲಿ?" ಕೋಲು ಈ ಕೈಯಿಂದ ಆ ಕೈಗೆ ಬದಲಿಸಿದ. "ಆ ಡ್ರೈವರ್ ಒಬ್ಬನೇ ನನ್ನ ಮಾರಿ ನೋಡಿ ಬೈದಾನ ನೋಡ್ರಿ, ಕೋರ್ಟಿನಾಗ. ಅವತ್ತು ಜರಾ ಹಗುರ ಆಗಿತ್ತು."

ಬೀಗರ ಮನೆಗೆ ಹೋಗಲಿಲ್ಲ. ತಿರುಗಿ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅಪೀಲು ಇನ್ನೂ ಮುಗಿದಿಲ್ಲ, ನಾನು ಹೋಗಿ ಪ್ರಮಾಣಪತ್ರ ಕೊಟ್ಟರೆ ಪಿಂಚಣಿಗೆ ಕುತ್ತು ಬರಬಹುದು, ನನ್ನ ಮೇಲೇ ಕೇಸಾಗಬಹುದು, ಸಾಹೇಬರ ಹೆಸರೂ ಬರುತ್ತದೆ, ಕೋರ್ಟು ಅದನ್ನು ತೆಗೆದುಕೊಳ್ಳದೆಯೂ ಇರಬಹುದು ಎಂದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. "ಹೇಳದೇ ಇದ್ದಿದ್ದಕ್ಕ ಸಕ್ಕರಿ ಬಂತು, ಬಿಪಿ ಬಂತು. ಹೇಳಿದ್ರ ಇನ್ನೇನು ಬರ್ತದ? ಹೋಗ್ರಿ" ಎಂದಳು.

ಹಳೆಯ ನಕ್ಷೆಯ ನಕಲು ಸಾಬಣ್ಣನ ವಕೀಲರಲ್ಲಿತ್ತು. ಅದನ್ನು ತಂದು ಮುಂದಿಟ್ಟುಕೊಂಡು, ಪ್ರಮಾಣಪತ್ರದ ಜೊತೆ ಕೊಡಲು ಹೊಸದು ಬರೆದೆ. ಈ ಸಲ ಎಡ ಅರ್ಧಕ್ಕೆ ನೆಲ್ಲು ಬರೆದೆ, ಚುಕ್ಕಿ ಚುಕ್ಕಿಯಾಗಿ. ಅಂಚಿಗೆ ಕಲ್ಲಿನ ಸಾಲು ಬರೆದೆ. ಟೆಂಪೋವನ್ನು ಆ ಕಲ್ಲಿಗೆ ತಾಗುವಂತೆ ಬರೆದೆ. ಪಾಪ, ಎಷ್ಟು ಸಾಧ್ಯವೋ ಅಷ್ಟು ಎಡಕ್ಕೇ ಇದ್ದಿರಬೇಕು ಎಂದು ನನಗೆ ಅನ್ನಿಸಿತು. ಬಡಿದ ಜಾಗದ ಗುರುತನ್ನೂ ಅಷ್ಟು ಈಚೆ ಸರಿಸಿದೆ.

ಸಾಬಣ್ಣ ಈಗ ಶಹಾಪುರದ ಒಂದು ಶೆಡ್ಡಿನಲ್ಲಿ ಗಾಡಿ ತೊಳೆಯುತ್ತಾನೆ. ನಾನು ಹೋದಾಗ ಒಂದು ಟೆಂಪೋದ ಚಕ್ರಕ್ಕೆ ನೀರು ಬಿಡುತ್ತಿದ್ದ. ನನ್ನನ್ನು ಕಂಡು ಪೈಪು ಬಂದ್ ಮಾಡಲಿಲ್ಲ. ನಾನು ವಿಷಯವೆಲ್ಲ ಹೇಳಿ ಮುಗಿಸುವ ತನಕ ಚಕ್ರ ತೊಳೆದ. ಆಮೇಲೆ ಕೈ ಝಾಡಿಸಿಕೊಂಡು ನಕ್ಷೆ ತೆಗೆದುಕೊಂಡ.

"ನೆಲ್ಲು ಬರೋಬ್ಬರಿ ಬರದೀರಿ" ಎಂದ. ಆಮೇಲೆ ಟೆಂಪೋದ ಮೇಲೆ ಬೆರಳಿಟ್ಟ. "ಇದು ಇಲ್ಲಿ ಇರಲಿಲ್ರಿ."

"ಎಲ್ಲಿತ್ತು?"

"ಇನ್ನೂ ಬಲಕ್ಕ. ಕಲ್ಲಿಗಿ ಹತ್ತಿ ಬರಬೇಕಿತ್ತು, ಬರಲಿಲ್ಲ. ಚಕ್ರಕ್ಕ ಕಲ್ಲು ಬಡದ್ರ ಮಾಲಕ ಬೈತಾನಂತ ಪೂರಾ ಬಲಕ್ಕ ತಗೊಂಡಿದ್ದೆ. ಬೈಕಿಗಿ ಆಗೋವಷ್ಟು ಜಾಗ ಇತ್ತು. ನಾ ಬಿಡಲಿಲ್ಲ." ಕಾಗದ ವಾಪಸ್ ಕೊಟ್ಟ. ಒದ್ದೆ ಬೆರಳಿನ ಗುರುತು ಟೆಂಪೋದ ಮೇಲೆ ಬಿದ್ದಿತ್ತು. "ನಿಮ್ಮ ಹಳೇ ನಕ್ಷೆದಾಗ ಆ ಗುರುತು ಖರೇ ಇತ್ರಿ. ಅಲ್ಲೇ ಇರ್ಲಿ."

"ಹಂಗ ಬರದ್ರ ಶಿಕ್ಷಾ ಹಂಗೇ ಉಳೀಬಹುದು ಸಾಬಣ್ಣ."

"ಉಳೀಲಿ. ಅವತ್ತೇ ಹೇಳೀನಲ್ರಿ ನಿಮಗ. ನಂದು ನನಗ, ರೋಡಿಂದು ರೋಡಿಗಿ."

ಅಲ್ಲೇ ತೊಳೆಯುವ ಕಟ್ಟೆಯ ಮೇಲೆ ಕೂತು, ಜೇಬಿನಿಂದ ರಬ್ಬರು ತೆಗೆದು ಗುರುತನ್ನೂ ಟೆಂಪೋವನ್ನೂ ಅಳಿಸಿದೆ. ಎರಡನ್ನೂ ಹಳೆಯ ನಕ್ಷೆಯಲ್ಲಿ ಇದ್ದ ಜಾಗಕ್ಕೇ ತಂದೆ. ನೆಲ್ಲು ಇದ್ದಲ್ಲೇ ಇತ್ತು.